ಕೊನೆಯ ಸಾಲಿನವಳು

"ನನ್ನ ಹೆಂಡ್ತಿ ಕೊನೆಯೋಳಾ?" ಎಂದು ದರ್ಜಿ ಗಾಜಿನ ಕಿಟಕಿಗೆ ಮೂಗು ತಾಗುವಷ್ಟು ಬಾಗಿ ಕೂಗಿದ. "ಸರಿಯಾಗಿ ನೋಡ್ರೀ. ಅವಳಿಗಿಂತ ಚಿಕ್ಕೋರನ್ನ ಎಷ್ಟು ಜನ ತಂದಿದಾರೆ ಇಲ್ಲಿ. ಅವರೆಲ್ಲ ಆದ್ಮೇಲೆ ಇವಳಾ?"

ಕಿಟಕಿಯಾಚೆ ಕೂತಿದ್ದ ಚಿತಾಗಾರದ ಗುಮಾಸ್ತನಿಗೆ ನೆಗಡಿ. ಅಳುವವರನ್ನೂ ಬೈಯುವವರನ್ನೂ ಒಂದೇ ಮುಖದಲ್ಲಿ ನೋಡಿ ಅಭ್ಯಾಸವಾದ ಮನುಷ್ಯ. ಕರವಸ್ತ್ರದಲ್ಲಿ ಮೂಗೊರೆಸಿಕೊಂಡು ಕಂಪ್ಯೂಟರಿನ ಪರದೆಯನ್ನು ದರ್ಜಿಗೆ ಕಾಣುವಂತೆ ತಿರುಗಿಸಿದ.

ಅಲ್ಲಿದ್ದುದು ಒಂದೇ ಕುಲುಮೆ. ಯಾರು ಮೊದಲು, ಯಾರು ಆಮೇಲೆ ಎಂದು ಹಿಂದೆ ದಿನವೂ ಜಗಳವಾಗುತ್ತಿತ್ತಂತೆ. ಹೆಗಲು ಕೊಟ್ಟು ಬಂದವರೇ ಕೈ ಕೈ ಮಿಲಾಯಿಸಿದ್ದೂ ಉಂಟಂತೆ. ಕೊನೆಗೆ ಯಾರೋ ಪುಣ್ಯಾತ್ಮ ಅಧಿಕಾರಿ, ಹಿರಿಯರು ಮೊದಲು ಎಂದು ನಿಯಮ ಮಾಡಿದ. ಬೆಳಿಗ್ಗೆ ಎಲ್ಲರ ವಿವರವನ್ನೂ ಕಂಪ್ಯೂಟರಿನ ಪಟ್ಟಿಗೆ ತುಂಬಿ, ಹುಟ್ಟಿದ ದಿನಾಂಕದ ಮೇಲೆ ಒತ್ತಿದರೆ ಆಯಿತು. ಅತಿ ಹಿರಿಯರು ಮೇಲೆ, ಅತಿ ಕಿರಿಯರು ಕೆಳಗೆ, ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದರು. ವಯಸ್ಸಿನ ಮುಂದೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಇವತ್ತು ದರ್ಜಿ ತೆಗೆದಿದ್ದ.

"ಹುಟ್ಟಿದ ದಿನ ಖಾಲಿ ಇದೆಯಲ್ಲ ಸ್ವಾಮಿ," ಎಂದ ಗುಮಾಸ್ತ. "ಖಾಲಿ ಇರೋರು ಕೆಳಗೆ ಹೋಗ್ತಾರೆ."

"ನಾನೆಲ್ಲಿ ಖಾಲಿ ಬಿಟ್ಟೆ?"

"ನೀವಲ್ಲ. ಇವರೇ ತುಂಬಿರೋದು. ಬದುಕಿದ್ದಾಗಲೇ ಮನೆಯಿಂದ ನೋಂದಾಯಿಸಿಬಿಟ್ಟಿದಾರೆ."

ಹಾಸಿಗೆ ಹಿಡಿದವಳು, ಮೊಣಕಾಲ ಮೇಲೆ ಆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಕುಟ್ಟುತ್ತಿದ್ದುದನ್ನು ದರ್ಜಿ ನೋಡಿದ್ದ. ಹವಾಮಾನ ಕಚೇರಿ ಬಿಟ್ಟ ಮೇಲೂ ಎಂದಿನಂತೆ ಮಳೆಯ ಲೆಕ್ಕ ಬರೆಯುತ್ತಿದ್ದಾಳೆ ಅಂದುಕೊಂಡಿದ್ದ. ತನ್ನ ಸಾವಿಗೆ ಸೀಟು ಕಾದಿರಿಸುತ್ತಿದ್ದಾಳೆ ಎಂದು ಯಾವ ಗಂಡನಿಗೆ ಹೊಳೆಯುತ್ತದೆ?

ಆದರೆ ಅವನ ಕೋಪ ಅಷ್ಟು ಬೇಗ ಇಳಿಯುವಂಥದ್ದಲ್ಲ. ಜೀವಮಾನವಿಡೀ ಕೋಟುಗಳನ್ನು ಒಳಗು ಹೊರಗು ಮಾಡಿ ಹೊಲಿದವನಿಗೆ ಥಟ್ಟನೆ ಒಂದು ದಾರಿ ಕಂಡಿತು.

"ಹಾಗಾದ್ರೆ ಅದನ್ನ ಉಲ್ಟಾ ಮಾಡಿ. ಚಿಕ್ಕೋರು ಮೊದಲು ಬರೋ ಹಾಗೆ. ಆಗ ಕೊನೆಯೋಳು ಮೇಲೆ ಬರ್ಲೇಬೇಕಲ್ಲ!"

ಗುಮಾಸ್ತ ವಾದಕ್ಕಿಳಿಯಲಿಲ್ಲ. ಒತ್ತಿದ. ಪರದೆಯ ಮೇಲೆ ಇಡೀ ಸಾಲು ಮಗುಚಿಕೊಂಡಿತು. ತೊಂಬತ್ತು ದಾಟಿದ ಮುದುಕ ಮೇಲಿನಿಂದ ಕೆಳಗಿಳಿದ, ಬೈಕಿನಿಂದ ಬಿದ್ದು ಸತ್ತ ಹುಡುಗ ಕೆಳಗಿನಿಂದ ಮೇಲೇರಿದ, ನಡುವಿನವರು ಜಾಗ ಬದಲಾಯಿಸಿಕೊಂಡರು. ಅವಳೊಬ್ಬಳು ಅಲುಗಲಿಲ್ಲ.

"ಇನ್ನೊಂದ್ಸಲ," ಎಂದ ದರ್ಜಿ. ಅವನ ದನಿ ತಗ್ಗಿತ್ತು.

ಇನ್ನೊಂದು ಸಲ ಎಲ್ಲರೂ ಹಾರಿ ಹಿಂದಿನ ಜಾಗಕ್ಕೆ ಬಂದರು. ಅವಳು ಅಲ್ಲೇ, ಎಲ್ಲರ ಕೆಳಗೆ, ಹೆಸರಿನ ಪಕ್ಕದಲ್ಲಿ ಒಂದು ಬಿಳಿ ಚೌಕ ಇಟ್ಟುಕೊಂಡು ಕೂತಿದ್ದಳು.

"ಯಾವ ಕಡೆಯಿಂದ ಎಣಿಸಿದ್ರೂ ಅಷ್ಟೇ ಸ್ವಾಮಿ. ಎಲ್ಲಿ ಕೂರಿಸ್ಬೇಕು ಅಂತ ಮಷೀನಿಗೆ ಗೊತ್ತಾಗಲ್ಲ. ಒಂದು ದಿನಾಂಕ ಹೇಳಿ, ಹಾಕ್ತೀನಿ. ಕೂಡ್ಲೇ ಮೇಲೆ ಹೋಗ್ತಾರೆ. ನಾಳೆಯಿಂದ ಕುಲುಮೆ ರಿಪೇರಿ, ಹಾಗಾಗಿ ಇವತ್ತು ಜನ ಜಾಸ್ತಿ. ಹೀಗೇ ಬಿಟ್ರೆ ನಿಮ್ಮದು ಸಂಜೆ."

ಹಿಂದೆ ನಿಂತಿದ್ದ ಸೋದರಳಿಯ ಮುಂದೆ ಬಂದ. ಬೆಳಿಗ್ಗೆಯಿಂದ ವ್ಯಾನು, ಕುರ್ಚಿ, ಡಾಕ್ಟರ ಸಹಿ ಎಂದು ಓಡಾಡಿದವನು ಅವನೇ. ಒಳ್ಳೆಯ ಹುಡುಗ, ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು.

"ಮಾವ, ಅತ್ತೆಯ ಪೆನ್ಷನ್ ಕಾಗದದಲ್ಲಿ ದಿನಾಂಕ ಇದೆ. ನನ್ನ ಹತ್ರ ನಕಲು ಇದೆ. ಕೊಟ್ಟುಬಿಡೋಣ. ಇವಳೇನು ಹೇಗೂ ನಾಳೆ ರಾತ್ರಿಗೆ ಮುಂಚೆ ಬರೋ ಹಾಗಿಲ್ಲ. ಕಾಯೋದು ಯಾರಿಗೋಸ್ಕರ?"

ಇವಳು ಎಂದರೆ ದರ್ಜಿಯ ಒಬ್ಬಳೇ ಮಗಳು. ದೂರದ ದಾರಿಯ ಲಾರಿ ಓಡಿಸುತ್ತಾಳೆ. ನಿನ್ನೆ ಸಂಜೆಯಿಂದ ಅವಳ ಫೋನು ಸಿಕ್ಕಿರಲಿಲ್ಲ. ಘಟ್ಟದ ಆಚೆ ಇರಬೇಕು, ಹೇಳಿ ಕಳಿಸುತ್ತೇವೆ ಎಂದು ಡಿಪೋದವರು ಹೇಳಿದ್ದರು. ಅಮ್ಮನ ಮುಖ ಮಗಳಿಗೆ ಸಿಗುವುದಿಲ್ಲ ಎಂಬುದನ್ನು ದರ್ಜಿ ಬೆಳಿಗ್ಗೆಯೇ ಒಪ್ಪಿಕೊಂಡಿದ್ದ. ಅವನು ಕಾಗದಕ್ಕೆ ಕೈ ಚಾಚಿದ.

*

ದರ್ಜಿಯ ಹೆಂಡತಿ ಅನಾಥಾಲಯದಲ್ಲಿ ಬೆಳೆದವಳು. ಎರಡು ವರ್ಷವೋ ಮೂರೋ ಆಗಿದ್ದಾಗ ಯಾರೋ ತಂದು ಬಿಟ್ಟಿದ್ದರು. ಶಾಲೆಗೆ ಸೇರಿಸುವ ಹೊತ್ತಿಗೆ ಹೆಡ್ಮಾಸ್ತರು ಅಲ್ಲಿನ ಮಕ್ಕಳಿಗೆಲ್ಲ ಒಂದೇ ದಿನಾಂಕ ಬರೆದು ಕೈ ತೊಳೆದುಕೊಂಡರು. "ನಮ್ಮ ಆಶ್ರಮದಲ್ಲಿ ಅಷ್ಟೂ ಜನ ಒಂದೇ ದಿನ ಹುಟ್ಟಿದ್ದು," ಎಂದು ಅವಳು ನಗುತ್ತಿದ್ದಳು. "ಆ ದಿನ ಊರಲ್ಲಿ ಎಷ್ಟು ಜನ ಸೂಲಗಿತ್ತಿಯರು ಇದ್ರೋ ಪಾಪ."

ಮದುವೆಯಾದ ಹೊಸತರಲ್ಲಿ, ಆ ದಿನ ಬಂದಾಗ ದರ್ಜಿ ಅವಳಿಗೊಂದು ಕೋಟು ಹೊಲಿದು ಕೊಟ್ಟ. ನೀಲಿ ಬಣ್ಣದ್ದು, ಒಳಗೆ ಮೆತ್ತನೆಯ ಅಸ್ತರು. ಅವಳು ತೊಟ್ಟುಕೊಂಡು ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿದಳು.

"ಚೆನ್ನಾಗಿದೆ. ಆದ್ರೆ ಹುಟ್ಟಿದ ದಿನದ್ದು ಅನ್ಬೇಡ. ಸುಮ್ನೆ ಕೊಡು."

"ಯಾಕೆ? ಎಲ್ಲ ಕಾಗದದಲ್ಲೂ ಅದೇ ಇದೆಯಲ್ಲ."

"ಅದು ಹೆಡ್ಮಾಸ್ತರು ಹುಟ್ಟಿಸಿದ್ದು. ನಾನು ಹುಟ್ಟಿದ್ದಲ್ಲ."

"ಹಾಗಾದ್ರೆ ಯಾವತ್ತು ಹುಟ್ಟಿದೆ?"

"ಗೊತ್ತಿಲ್ಲ." ಅದನ್ನು ಅವಳು ಹೇಳಿದ ರೀತಿ ದರ್ಜಿಗೆ ಈಗಲೂ ನೆನಪಿದೆ. ದುಃಖವಿರಲಿಲ್ಲ, ನಾಚಿಕೆಯಿರಲಿಲ್ಲ. ಗಂಟೆ ಎಷ್ಟು ಎಂದು ಕೇಳಿದವರಿಗೆ ಕೈಯಲ್ಲಿ ಗಡಿಯಾರವಿಲ್ಲ ಎಂದು ಹೇಳಿದಂತಿತ್ತು. "ಹುಟ್ಟಿದ್ದಂತೂ ಹೌದು. ಯಾರೂ ಬರೆದಿಡಲಿಲ್ಲ ಅಷ್ಟೇ. ಸಂಬಳಕ್ಕೆ ಆ ಸುಳ್ಳು ಇರ್ಲಿ, ಅನ್ನ ಹುಟ್ಟುತ್ತೆ. ಸಾಯೋವಾಗ ಬೇಡ."

*

ಚಾಚಿದ ಕೈ ಅರ್ಧದಲ್ಲೇ ನಿಂತಿತು.

"ಬೇಡ," ಎಂದ ದರ್ಜಿ.

"ಮಾವ?"

"ಬೇಡ ಅಂದೆ. ಖಾಲಿ ಇರ್ಲಿ. ಸಂಜೆ ಆದ್ರೆ ಸಂಜೆ."

ಸೋದರಳಿಯ ಗುಮಾಸ್ತನ ಮುಖ ನೋಡಿದ, ಗುಮಾಸ್ತ ಸೋದರಳಿಯನ ಮುಖ ನೋಡಿದ. ದರ್ಜಿ ಇಬ್ಬರ ಮುಖವನ್ನೂ ನೋಡದೆ ಹಾಲಿಗೆ ಹೋಗಿ ಕಬ್ಬಿಣದ ಬೆಂಚಿನ ಮೇಲೆ ಕೂತ. ಸತ್ತವಳ ಹಟಕ್ಕೆ ಬದುಕಿದವರನ್ನೆಲ್ಲ ದಿನವಿಡೀ ಕಾಯಿಸುತ್ತಿದ್ದೇನಲ್ಲ, ತಲೆ ಕೆಟ್ಟಿದೆಯೇ ನನಗೆ ಎಂದುಕೊಂಡ.

ಪಕ್ಕದಲ್ಲಿ ಮೋಡಣ್ಣ ಬಂದು ಕೂತ. ಹವಾಮಾನ ಕಚೇರಿಯಲ್ಲಿ ಅವಳ ಜೊತೆ ಕೆಲಸ ಮಾಡಿ ನಿವೃತ್ತನಾದವನು. ಮೋಡ ನೋಡಿ ಬರೆಯುವ ಕೆಲಸ ಇದ್ದದ್ದರಿಂದ ಆ ಹೆಸರು. ಈಗಲೂ ಮಾತಾಡುವಾಗ ಎದುರಿನವರ ತಲೆಯ ಮೇಲಕ್ಕೇ ನೋಡುತ್ತಾನೆ.

"ಕಿಟಕಿ ಹತ್ರ ಕೇಳಿಸ್ಕೊಂಡೆ," ಎಂದ ಮೋಡಣ್ಣ. "ಖಾಲಿ ಬಿಟ್ಟಳಂತೆ. ಬಿಡದೆ ಏನು ಮಾಡ್ತಾಳೆ! ಆ ಟ್ಯಾಂಕರ್ ಕತೆ ಆದ್ಮೇಲೆ ಅವಳು ಖಾಲಿ ಚೌಕಕ್ಕೆ ಸುಳ್ಳು ತುಂಬಿದ್ದು ನಾನು ನೋಡಿಲ್ಲ."

"ಯಾವ ಟ್ಯಾಂಕರ್?"

"ನಿನಗೆ ಹೇಳಿಲ್ವಾ? ಕಚೇರಿಗೆ ಕಂಪ್ಯೂಟರ್ ಬಂದ ಹೊಸತು. ಆ ವರ್ಷ ಮಳೆ ಕೈಕೊಟ್ಟಿತ್ತು. ಎಲ್ಲಿ ಅತಿ ಕಡಿಮೆ ಮಳೆಯೋ ಅಲ್ಲಿಗೆ ಮೊದಲು ನೀರಿನ ಟ್ಯಾಂಕರ್ ಕಳಿಸೋದು. ಬೆಳಿಗ್ಗೆ ಎಲ್ಲ ಕಡೆಯಿಂದ ಫೋನಲ್ಲಿ ಲೆಕ್ಕ ಬರೋದು, ಇವಳು ತುಂಬಿ ಸಾಲು ಹಾಕೋಳು. ಒಂದಿನ ಹೊಳೆಯಾಚೆ ಒಂದು ಊರಿಂದ ಲೆಕ್ಕವೇ ಬರ್ಲಿಲ್ಲ. ಚೌಕ ಖಾಲಿ. ಪಟ್ಟಿ ಅಂದ ಕೆಡುತ್ತೆ ಅಂತ ಇವಳು ಅಲ್ಲಿ ಸೊನ್ನೆ ಹಾಕಿಬಿಟ್ಟಳು. ಸೊನ್ನೆ ಹಾಕಿದ್ದೇ ತಡ, ಕೆಳಗಿದ್ದ ಊರು ಸೀದಾ ಮೇಲೆ ಬಂತು. ಎಲ್ಲಕ್ಕಿಂತ ಒಣಗಿದ ಊರು! ಸಾಲುಗಟ್ಟಿ ಟ್ಯಾಂಕರ್ ಹೋದವು."

"ಆಮೇಲೆ?"

"ಸಂಜೆ ಡ್ರೈವರ್ ವಾಪಸ್ ಬಂದ. ಸೊಂಟದವರೆಗೂ ಒದ್ದೆ. 'ಅಮ್ಮಾ, ಅಲ್ಲಿ ನಮ್ಮ ಲಾರಿನೇ ತೇಲುತ್ತೆ, ಇನ್ನು ನೀರು ಯಾರಿಗೆ ಕೊಡೋದು?' ಅಂದ. ಎಲ್ಲೂ ಬೀಳದ ಮಳೆ ರಾತ್ರಿ ಆ ಒಂದೇ ಊರಿನ ಮೇಲೆ ಸುರಿದಿತ್ತು. ಮಳೆ ಅಳೆಯೋ ಮಾಪಕ, ಅದರ ಕಂಬ, ಟೆಲಿಫೋನ್ ತಂತಿ ಎಲ್ಲ ಕೊಚ್ಚಿಕೊಂಡು ಹೋಗಿತ್ತು. ಲೆಕ್ಕ ಹೇಳೋ ಮನುಷ್ಯ ಊರೋರ ಜೊತೆ ಶಾಲೆಯ ಮಾಳಿಗೆ ಹತ್ತಿ ಕೂತಿದ್ದ. ಜೀವಹಾನಿ ಆಗ್ಲಿಲ್ಲ, ನಮ್ಮ ಪುಣ್ಯ. ಕಚೇರಿಯಲ್ಲಿ ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕೆವು. ಮುಳುಗಿದ ಊರಿಗೆ ಕುಡಿಯೋ ನೀರು ಕಳಿಸಿದೋರು ಅಂತ. ಅವಳು ನಗಲಿಲ್ಲ."

ದರ್ಜಿಗೆ ಆ ದಿನಗಳು ನೆನಪಾದವು. ಅವಳು ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಿದ್ದಳು. ಅಜೀರ್ಣ ಇರಬೇಕೆಂದು ಅವನು ಅಂಗಡಿಯಿಂದ ಔಷಧಿ ತಂದಿದ್ದ. ಅವಳು ಮರುಮಾತಾಡದೆ ಅದನ್ನೂ ಕುಡಿದಿದ್ದಳು.

"ನೀರು ಇಳಿದ್ಮೇಲೆ ಹೊಸ ಮಾಪಕ ಹಿಡ್ಕೊಂಡು ತಾನೇ ದೋಣಿಯಲ್ಲಿ ಹೋದಳು," ಎಂದ ಮೋಡಣ್ಣ. "ನಾನೂ ಜೊತೆಗಿದ್ದೆ. ಆ ಮನುಷ್ಯನ ಮುಂದೆ ನಿಂತು, 'ನಿಮ್ಮೂರಿನ ಮೇಲೆ ಬಿದ್ದ ಅಷ್ಟೂ ಮಳೆಯನ್ನ ನಾನು ಸೊನ್ನೆ ಮಾಡ್ಬಿಟ್ಟೆ, ತಪ್ಪಾಯ್ತು' ಅಂದಳು. ಅವನಿಗೆ ಏನೂ ಅರ್ಥ ಆಗ್ಲಿಲ್ಲ, ಪಾಪ. ಕುರ್ಚಿ ಹಾಕಿ ಕೂರಿಸಿದ. ಬರೋವಾಗ ದೋಣಿಯಲ್ಲಿ ನನಗೆ ಹೇಳಿದಳು, ಮಳೆ ಬಂದಿಲ್ಲ ಅನ್ನೋದು ಬೇರೆ, ಯಾರೂ ನೋಡಿಲ್ಲ ಅನ್ನೋದು ಬೇರೆ, ಅಂತ. ಅವತ್ತಿಂದ ನೋಡು, ಪಟ್ಟಿ ಸಾಲು ಹಾಕಿದ ಕೂಡ್ಲೇ ನಾವೆಲ್ಲ ಮೇಲೆ ನೋಡೋರು, ಅವಳು ಸೀದಾ ಕೆಳಗೆ ಹೋಗೋಳು. ಖಾಲಿ ಇರೋ ಒಂದೊಂದು ಊರಿಗೂ ಫೋನ್. 'ಏನಾಯ್ತಪ್ಪಾ, ಚೆನ್ನಾಗಿದೀರಾ?' ಮೊದಲು ಅದು. ಮಳೆ ಆಮೇಲೆ."

ಮೋಡಣ್ಣ ಹಾಲಿನ ಚಾವಣಿ ನೋಡುತ್ತ ಕೂತುಬಿಟ್ಟ. ದರ್ಜಿ ಇಷ್ಟು ವರ್ಷ ಒಂದೇ ಹೊದಿಕೆಯಡಿ ಮಲಗಿದ್ದ ಹೆಂಗಸು ಪ್ರತಿ ಬೆಳಿಗ್ಗೆ ಇಡೀ ನಾಡಿನ ಸುಳಿವಿಲ್ಲದ ಊರುಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಅವನೋ ಅವಳನ್ನು ಮಳೆ ಎಣಿಸುವವಳು ಎಂದು ಬೀದಿಯವರ ಮುಂದೆ ಗೇಲಿ ಮಾಡುತ್ತಿದ್ದ.

ಆಗ ಫೋನು ಬಡಿದುಕೊಂಡಿತು.

"ಅಪ್ಪಾ!" ಎಂಜಿನ್ನಿನ ಸದ್ದಿನ ನಡುವೆ ಮಗಳ ದನಿ. "ಡಿಪೋದೋರು ದಾರೀಲಿ ಲಾರಿ ನಿಲ್ಲಿಸಿ ಹೇಳಿದ್ರು. ನಾನು ಆಗ್ಲೇ ಘಟ್ಟ ಇಳಿದಾಗಿತ್ತಪ್ಪಾ, ಅವರಿಗೆ ಗೊತ್ತಿರಲಿಲ್ಲ. ಲೋಡ್ ಸಮೇತ ಬರ್ತಿದೀನಿ. ಸಂಜೆ ಹೊತ್ತಿಗೆ ಮುಟ್ತೀನಿ. ಅಮ್ಮನ್ನ... ಆಗ್ಹೋಯ್ತಾ?"

"ಇಲ್ಲ," ಎಂದ ದರ್ಜಿ. "ಇಲ್ಲ ಮಗಳೇ. ನಿಮ್ಮಮ್ಮ ಕೊನೆಯಲ್ಲಿದಾಳೆ. ಬಾ. ನಿಧಾನಕ್ಕೆ ಓಡಿಸ್ಕೊಂಡು ಬಾ."

ಫೋನು ಜೇಬಿಗೆ ಹಾಕಿಕೊಂಡವನು ಹೊರಗೆ ಹೋಗಿ ವ್ಯಾನಿನ ಬಾಗಿಲಿಗೆ ಹಣೆ ಒತ್ತಿ ನಿಂತ. ಒಳಗೆ ಅವಳು ಮಲಗಿದ್ದಳು. "ಲೇ," ಎಂದ ಮೆಲ್ಲಗೆ, "ನಿನಗೆ ಹೇಗೆ ಗೊತ್ತಾಯ್ತೇ?" ಗೊತ್ತಿಲ್ಲ ಎಂದೇ ಅವಳು ಹೇಳುತ್ತಿದ್ದಳು ಎಂಬುದು ಅವನಿಗೂ ಗೊತ್ತಿತ್ತು.

ಮಧ್ಯಾಹ್ನ ಇಳಿಯತೊಡಗಿತು. ಮುದುಕ ಹೋದ, ಬಿಳಿ ಕೂದಲಿನ ಇಬ್ಬರು ಅಕ್ಕತಂಗಿಯರು ಹೋದರು. ಹಾಲು ಒಂದೊಂದೇ ಗುಂಪಾಗಿ ತೆರವಾಗುತ್ತಿತ್ತು. ಆಗ ಸೋದರಳಿಯ ಹಲ್ಲು ಕಾಣುವ ಹಾಗೆ ನಗುತ್ತ ಓಡಿಬಂದ.

"ಮಾವ, ಏಳಿ ಏಳಿ, ಕೆಲಸ ಆಯ್ತು! ನೀವು ಸಂಕಟದಲ್ಲಿ ಏನೋ ಅಂದ್ರಿ ಅಂತ ನಾನೇ ಹೋಗಿ ನಕಲು ಕೊಟ್ಟೆ. ತುಂಬಿಬಿಟ್ರು. ಅತ್ತೆ ಸರ್ ಅಂತ ಮೇಲೆ ಹೋದ್ರು. ಈಗ ನಡೀತಿರೋದು ಮುಗಿದ ತಕ್ಷಣ ನಮ್ಮದೇ."

ಎಷ್ಟೋ ವರ್ಷದಿಂದ ಓಡದಿದ್ದ ಕಾಲುಗಳಲ್ಲಿ ದರ್ಜಿ ಓಡಿದ. ಅಷ್ಟರಲ್ಲಾಗಲೇ ಇಬ್ಬರು ನೌಕರರು ಚಕ್ರದ ಹಲಗೆ ತಳ್ಳಿಕೊಂಡು ವ್ಯಾನಿನ ಕಡೆ ಹೊರಟಿದ್ದರು.

"ತೆಗೀರಿ ಅದನ್ನ!" ಕಿಟಕಿಯ ಗಾಜು ಗಡಗಡ ಅಂದಿತು. "ಆ ದಿನಾಂಕ ಅಳಿಸಿ! ಅದು ಸುಳ್ಳು!"

"ಪೆನ್ಷನ್ ಕಾಗದದಲ್ಲಿ ಇದೆಯಲ್ಲ ಸ್ವಾಮಿ—"

"ಇರ್ಲಿ! ಅದು ಸಂಬಳದ್ದು. ಅವಳು ತನ್ನ ಕೈಯಾರೆ ಖಾಲಿ ಬಿಟ್ಟಿದಾಳೆ. ನೀವ್ಯಾರ್ರೀ ತುಂಬೋಕೆ? ನನ್ನ ಮಗಳು ಬರ್ತಿದಾಳೆ ಕಣ್ರೀ, ಅವಳಮ್ಮನ ಮುಖ ನೋಡೋಕೆ ಬರ್ತಿದಾಳೆ!" ಎಂದವನಿಗೆ ಅಷ್ಟೂ ಹೊತ್ತು ಬಾರದ ಅಳು ಒಮ್ಮೆಲೇ ಬಂತು. ಅಷ್ಟು ಜನರ ನಡುವೆ, ಗಾಜಿಗೆ ಅಂಗೈ ಒತ್ತಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟ.

ಗುಮಾಸ್ತ ಕರವಸ್ತ್ರ ಪಕ್ಕಕ್ಕಿಟ್ಟ. ಆ ಚೌಕಕ್ಕೆ ಹೋಗಿ ಹೆಡ್ಮಾಸ್ತರ ದಿನಾಂಕವನ್ನು ಅಳಿಸಿದ, ಸಾಲಿನ ಗುಂಡಿ ಒತ್ತಿದ. ಮೇಲಿದ್ದವಳು ಎಲ್ಲರನ್ನೂ ದಾಟಿ ಕೆಳಗೆ ಬಂದು ತನ್ನ ಜಾಗದಲ್ಲಿ ಕೂತಳು. ಚಕ್ರದ ಹಲಗೆ ಅರ್ಧ ದಾರಿಯಿಂದ ತಿರುಗಿ ಇನ್ನೊಂದು ವ್ಯಾನಿನ ಕಡೆ ಹೋಯಿತು.

ಬೈಕಿನ ಹುಡುಗನೂ ಹೋದ ಮೇಲೆ, ಹಾಲಿನಲ್ಲಿ ಇವರಷ್ಟೇ ಉಳಿದಾಗ, ಗೇಟಿನ ಹೊರಗೆ ಗಾಳಿ ಬ್ರೇಕಿನ ನಿಟ್ಟುಸಿರು ಕೇಳಿಸಿತು. ಹದಿನಾರು ಚಕ್ರದ ಲಾರಿ, ಮುಖದ ತುಂಬ ಕೆಸರು, ಬೀದಿಗೆ ಅಡ್ಡಲಾಗಿ ನಿಂತಿತು. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿ ಬೈಯುತ್ತಿದ್ದರು. ಮಗಳು ಬಾಗಿಲು ತೆರೆದು ಅಷ್ಟು ಎತ್ತರದಿಂದ ಧುಮುಕಿ ಓಡಿಬಂದಳು. ಅಮ್ಮನ ಕೆನ್ನೆಯನ್ನು ಮುಟ್ಟಬಾರದೆಂಬಂತೆ ತನ್ನ ಎಣ್ಣೆ ಹತ್ತಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಳು.

"ಮುಟ್ಟು," ಎಂದ ದರ್ಜಿ. "ಏನೂ ಆಗಲ್ಲ. ಮುಟ್ಟು."

ಯಾರೂ ಅವಸರಿಸಲಿಲ್ಲ. ಸಾಲಿನಲ್ಲಿ ಅಮ್ಮನ ಹಿಂದೆ ಇನ್ನು ಯಾರೂ ಇರಲಿಲ್ಲ.

*

ಅವರು ಮನೆಗೆ ಬಂದಾಗ ಇನ್ನೂ ನಸುಬೆಳಕು ಉಳಿದಿತ್ತು. ಸೋದರಳಿಯ ಬಾಡಿಗೆ ಕುರ್ಚಿಗಳನ್ನು ಮಡಿಸುತ್ತಿದ್ದ. ದರ್ಜಿ ಮಗಳನ್ನು ಕರೆದುಕೊಂಡು ತಾರಸಿ ಹತ್ತಿದ. ಅಲ್ಲಿ ಮೂಲೆಯಲ್ಲಿ ಹೆಂಡತಿಯದೊಂದು ಮಳೆಮಾಪಕವಿತ್ತು. ಈ ಮನೆಗೆ ಬಂದ ಮೊದಲ ದಿನದಿಂದ, ಪ್ರತಿ ಬೆಳಿಗ್ಗೆ ಅದನ್ನು ನೋಡಿ ತನ್ನ ಪಟ್ಟಿಗೆ ಬರೆಯುತ್ತಿದ್ದಳು. ಮಗಳು ಹುಟ್ಟಿದ ದಿನವೂ ಆಸ್ಪತ್ರೆಯ ಹಾಸಿಗೆಯಿಂದಲೇ ಗಂಡನನ್ನು ಮನೆಗೆ ಅಟ್ಟಿ, ನೋಡಿಸಿಕೊಂಡಿದ್ದಳು. ಅವಳಿಗೆ ಮೆಟ್ಟಿಲು ಹತ್ತಲಾಗದ ಮೇಲೆ ದರ್ಜಿಯೇ ಹತ್ತಿ, ಗೊಣಗುತ್ತ, ಮೇಲಿನಿಂದ ಅಂಕಿ ಕೂಗುತ್ತಿದ್ದ. ನಿನ್ನೆ ಬೆಳಿಗ್ಗೆಯೂ ಕೂಗಿದ್ದ. ಕೆಳಗಿನಿಂದ ಅವಳು "ಹಾಂ" ಅಂದಿದ್ದಳು.

ಈಗ ಮಾಪಕ ಗೋಡೆಗೆ ಒರಗಿಕೊಂಡು ಅಡ್ಡ ಬಿದ್ದಿತ್ತು. ಒಳಗೆ ಒಂದು ಹನಿ ಇರಲಿಲ್ಲ.

"ಅಯ್ಯೋ, ಅದಾ," ಎಂದ ಹಿಂದೆಯೇ ಬಂದ ಸೋದರಳಿಯ, ತಲೆ ಕೆರೆದುಕೊಳ್ಳುತ್ತ. "ಬೆಳಿಗ್ಗೆ ಮಿಕ್ಕ ಕುರ್ಚಿ ತಂದು ಇಲ್ಲಿ ಇಡೋವಾಗ ಕಾಲಿಗೆ ಅಡ್ಡ ಬಂತು, ನೀರು ಚೆಲ್ಲಿ ಆಚೆ ಇಟ್ಟೆ. ರಾತ್ರಿ ಮಳೆ ಬಂದಿತ್ತಲ್ಲ. ಇಷ್ಟು ಇತ್ತು ಅನ್ಸುತ್ತೆ ಮಾವ." ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದ. ನೋಡುತ್ತಿದ್ದಂತೆ ಬೆರಳ ನಡುವಿನ ಜಾಗ ಸ್ವಲ್ಪ ಕಿರಿದಾಯಿತು, ಮತ್ತೆ ಸ್ವಲ್ಪ ಹಿಗ್ಗಿತು. "ಅಷ್ಟೇ ಬರೆದ್ರಾಯ್ತು."

ದರ್ಜಿ ಅವನನ್ನು ಬೈಯಲಿಲ್ಲ. ಬೆನ್ನು ತಟ್ಟಿ ಊಟಕ್ಕೆ ಕಳಿಸಿದ. ಮಾಪಕವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

ಕೆಳಗೆ, ಅಮ್ಮನ ಮಂಚದ ಮೇಲೆ ಕೂತು ಮಗಳು ಲ್ಯಾಪ್‌ಟಾಪ್ ತೆರೆದಳು. ಪಟ್ಟಿಯಲ್ಲಿ ಇವತ್ತಿನ ದಿನಾಂಕವನ್ನು ಬರೆದು, ಅಪ್ಪನ ಕಡೆ ನೋಡಿದಳು. "ಸೊನ್ನೆ ಹಾಕ್ಲಾ?"

"ಬೇಡ. ಮಳೆ ಬಂದಿತ್ತು. ಯಾರೂ ನೋಡಲಿಲ್ಲ." ಆಮೇಲೆ ಅವನೇ ಹೇಳಿದ, "ಎಲ್ಲಾನೂ ಒಂದ್ಸಲ ಸಾಲು ಹಾಕು. ಮಳೆ ಪ್ರಕಾರ."

ಮಗಳು ಒತ್ತಿದಳು. ಇಷ್ಟು ವರ್ಷಗಳ ಅಷ್ಟೂ ಬೆಳಗುಗಳು ಸರಿದಾಡಿದವು. ಒಂದು ಹನಿಯೂ ಬೀಳದ ದಿನಗಳು ಮೊದಲು ಬಂದವು, ಕಣ್ಣು ಹಾಯುವವರೆಗೆ ಬರೀ ಸೊನ್ನೆಗಳು. ಅಮ್ಮ ಮಗಳ ಲಾರಿಯ ದಾರಿ ಒಣಗಿರಲೆಂದು ಹಾರೈಸಿದ ದಿನಗಳೂ ಅವುಗಳಲ್ಲಿದ್ದವು. ಆಮೇಲೆ ತುಂತುರು, ಆಮೇಲೆ ಕೊಡೆ ಬೇಕಾದ ದಿನಗಳು, ಅಂಗಡಿಯೊಳಗೆ ನೀರು ನುಗ್ಗಿ ಬಟ್ಟೆಯ ಥಾನುಗಳನ್ನು ಇಬ್ಬರೂ ತಲೆಯ ಮೇಲೆ ಹೊತ್ತ ದಿನ. ಆ ಎಲ್ಲದರ ಕೆಳಗೆ, ಒಂದೇ ಒಂದು, ಇವತ್ತು.

"ಈಗ ಉಲ್ಟಾ ಮಾಡು," ಎಂದ ದರ್ಜಿ.

ಅಂಗಡಿಗೆ ನೀರು ನುಗ್ಗಿದ ದಿನ ಎಲ್ಲಕ್ಕಿಂತ ಮೇಲೆ ಹಾರಿತು, ಸೊನ್ನೆಗಳೆಲ್ಲ ಕೆಳಗಿಳಿದವು. ಇವತ್ತು ಅಲುಗಲಿಲ್ಲ. ದರ್ಜಿ ಬಗ್ಗಿ, ಸೂಜಿ ಚುಚ್ಚಿ ಗಡುಸಾದ ಬೆರಳಿನಿಂದ ಆ ಬಿಳಿ ಚೌಕವನ್ನು, ಹರವಿದ ಬಟ್ಟೆ ಇನ್ನೂ ಒದ್ದೆಯಿದೆಯೇ ಎಂದು ನೋಡುವವನ ಹಾಗೆ, ಮೆಲ್ಲಗೆ ಮುಟ್ಟಿದ.